ನಲವತ್ತೊಂದನೆಯ ಹೊಗೆ

ನಮ್ಮ ಮುಂದಾಳು ಚಿಕ್ಕೀರಯ್ಯನವರು ಹೇಡಿಯೋ, ಜಾಣರೋ, ಇಲ್ಲಾ ಬರೀ ಮಂಕೋ ಅನ್ನುವುದನ್ನು ನಮ್ಮೂರಿನವರು ಆರು ತಿಂಗಳಿಂದ ನನ್ನ ಭಟ್ಟಿಯ ಮುಂದೆ ಕೂತು ತೀರ್ಮಾನ ಮಾಡುತ್ತಿದ್ದರು. ಬೇರೆ ಕಡೆ ಜಾಗ ಇರಲಿಲ್ಲ ಅಂತಲ್ಲ. ನನ್ನದು ಅಕ್ಕಿ ಹುರಿಯುವ ಪುರಿ ಭಟ್ಟಿ. ಬೆಳಗಿನ ಚಳಿಗೆ ಅಷ್ಟು ಬೆಚ್ಚಗಿನ ಜಾಗ ಊರಲ್ಲಿ ಇನ್ನೊಂದಿಲ್ಲ, ಕೈಗೊಂದು ಹಿಡಿ ಬಿಸಿ ಪುರಿ ಬಿದ್ದರೆ ಮಾತೂ ಸಲೀಸಾಗಿ ಹೊರಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಲಗೆ ಇದ್ದದ್ದು ನನ್ನ ಭಟ್ಟಿಯ ಗೋಡೆಯ ಮೇಲೆ. ಆ ಹಲಗೆಯ ಮೇಲೆ ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯುವವಳು ನಾನೇ.

ಅದು ಎದುರು ದಿಬ್ಬದ ಹೊಗೆಯ ಸಂಖ್ಯೆ. ನಮ್ಮ ಕೋಟೆಗೋಡೆ ದಾಟಿದರೆ ಒಣಗಿದ ಕೆರೆಯ ಅಂಗಳ, ಅದರಾಚೆಗೆ ದಿಬ್ಬ. ನಮ್ಮ ಗೋಡೆಯ ಮೇಲೆ ಕಾವಲಿಗೆ ನಿಂತವರು ಒಬ್ಬೊಬ್ಬರೂ ತಮ್ಮ ತಮ್ಮ ಮೂರು ಕಲ್ಲಿನ ಒಲೆಯಲ್ಲೇ ಗಂಜಿ ಬೇಯಿಸಿಕೊಳ್ಳಬೇಕು, ಒಬ್ಬರ ಒಲೆಗೆ ಇನ್ನೊಬ್ಬರು ಪಾತ್ರೆ ಇಡುವಂತಿಲ್ಲ. ಹಿಂದಿನಿಂದ ಬಂದದ್ದು ಹಾಗೆ. ನಮ್ಮ ಕಡೆ ಎಷ್ಟು ಜನವೋ ಎದುರು ದಿಬ್ಬದ ಮೇಲೂ ಬೆಳಿಗ್ಗೆ ಅಷ್ಟೇ ಹೊಗೆ ಏಳುತ್ತದೆ. ನಮ್ಮಜ್ಜಿಯ ಕಾಲದಲ್ಲಿ ಇಲ್ಲಿ ಇನ್ನೂರು ಜನ ಇದ್ದರಂತೆ, ಅಲ್ಲೂ ಇನ್ನೂರು ಹೊಗೆ. ಅವರ ಮುಖ ಯಾರೂ ನೋಡಿಲ್ಲ. ಯಾಕೆ ಹಾಗೆ ಅಂತ ಕೇಳುವವರೂ ನಮ್ಮಲ್ಲಿಲ್ಲ; ಸೂರ್ಯ ಯಾಕೆ ಆ ಕಡೆಯೇ ಹುಟ್ಟುತ್ತಾನೆ ಅಂತ ಯಾರಾದರೂ ಕೇಳುತ್ತಾರೆಯೇ? ಎಣಿಸುವ ಕೆಲಸ ನನಗೆ ಬಂದದ್ದು ನನಗೆ ಹೊಗೆ ಗೊತ್ತು ಅನ್ನುವ ಕಾರಣಕ್ಕೆ. ಹಸಿ ಸೌದೆಯ ಹೊಗೆ, ಹೊಟ್ಟಿನ ಹೊಗೆ, ಬೆರಣಿಯ ಹೊಗೆ, ಒಂದಕ್ಕೊಂದು ಹೆಣೆದುಕೊಂಡಿದ್ದರೂ ಎಳೆ ಎಳೆಯಾಗಿ ಬಿಡಿಸಿ ಹೇಳುತ್ತೇನೆ. ದಿಡ್ಡಿ ಬಾಗಿಲಿನ ಮೇಲೊಂದು ಕಿಂಡಿಯಿದೆ, ಹೊತ್ತು ಮೂಡುವ ಮುಂಚೆ ಅಲ್ಲಿ ಹೋಗಿ ನಿಂತರೆ ದಿಬ್ಬದ ಈ ತುದಿಯಿಂದ ಆ ತುದಿಯವರೆಗೂ ಕಾಣುತ್ತದೆ.

ಎದುರಿನ ಸಂಖ್ಯೆ ನಮ್ಮದಕ್ಕಿಂತ ಒಂದು ಹೆಚ್ಚಾಯಿತೆಂದು ಹಲಗೆಯ ಮೇಲೆ ಬಿದ್ದರೆ, ಕಾವಲು ಪಟ್ಟಿಯ ಮುಂದಿನ ಹೆಸರಿನವರು ಅವತ್ತೇ ಮಧ್ಯಾಹ್ನದೊಳಗೆ ಗೋಡೆ ಹತ್ತಬೇಕು. ಹತ್ತಿದವರು ಏಳು ವರ್ಷ ಇಳಿಯುವಂತಿಲ್ಲ, ಮದುವೆಗೂ ಇಲ್ಲ, ಮಣ್ಣಿಗೂ ಇಲ್ಲ. ನನ್ನ ಯಜಮಾನರು ಹತ್ತಿದಾಗ ಮಗಳಿಗೆ ಎರಡು ವರ್ಷ. ಇಳಿದು ಬಂದ ಮೇಲೆ ಮನೆಯೊಳಗೆ ಬೆನ್ನನ್ನು ಗೋಡೆಗೆ ಕೊಟ್ಟೇ ಕೂರುತ್ತಿದ್ದರು. ಮಗಳು ಓಡಿ ಬಂದು ಕತ್ತಿಗೆ ಜೋತುಬಿದ್ದರೆ ಕೈ ಕೊಡವಿ ಎದ್ದು ನಿಲ್ಲುತ್ತಿದ್ದರು. ಎರಡು ವರ್ಷ ಹಾಗೇ ಇದ್ದು ತೀರಿಕೊಂಡರು. ಈಗ ಪಟ್ಟಿಯಲ್ಲಿ ಮುಂದಿನ ಹೆಸರು ಆ ಮಗಳದ್ದೇ, ಚಂದ್ರಿಯದು. ಹತ್ತೊಂಬತ್ತು ತುಂಬಿದ ದಿನವೇ ಬರೆದುಕೊಂಡು ಹೋದರು.

ಚಿಕ್ಕೀರಯ್ಯನವರು ಮುಂದಾಳು ಆದಾಗ ಗೋಡೆಯ ಮೇಲೆ ಅರವತ್ತು ಜನ ಇದ್ದರು. ಈ ಮನುಷ್ಯ ಏಳು ವರ್ಷ ತುಂಬಿದವರ ಜಾಗಕ್ಕೆ ಬೇರೆಯವರನ್ನು ಹತ್ತಿಸದೆ ಐದೈದು ಜನರನ್ನು ಇಳಿಸತೊಡಗಿದರು. ಇಳಿಸಿದ ರಾತ್ರಿ ಊರಲ್ಲಿ ಒಬ್ಬರೂ ಕಣ್ಣು ಮುಚ್ಚುತ್ತಿರಲಿಲ್ಲ; ಬೆಳಿಗ್ಗೆ ನಾನು ಕಿಂಡಿಯಿಂದ ನೋಡಿದರೆ ಅಲ್ಲೂ ಐದು ಕಡಿಮೆ. ಹೀಗೆ ನಾಲ್ಕು ಸಲ ಆಗಿ ಎರಡೂ ಕಡೆ ನಲವತ್ತಕ್ಕೆ ಬಂದು ನಿಂತಿತ್ತು. ಇನ್ನೆರಡು ವರ್ಷ ಕೊಟ್ಟರೆ ಒಬ್ಬರನ್ನೂ ಬಿಡದೆ ಇಳಿಸುತ್ತೇನೆ ಅಂತ ಅವರು, ಕೊಟ್ಟರೆ ಊರು ಮುಳುಗುತ್ತದೆ ಅಂತ ಕಮ್ಮಾರ ಸಿದ್ದಲಿಂಗಾಚಾರ್ರು. ಇಬ್ಬರಲ್ಲಿ ಯಾರು ಮುಂದಾಳು ಅಂತ ಕೈ ಎತ್ತುವ ದಿನ ಹತ್ತಿರ ಬಂದಿತ್ತು.

"ಕೋಳಿ ಕುಯ್ಯೋಕೆ ಬರಲ್ಲ ಕಣ್ರಯ್ಯ ಅವ್ರಿಗೆ," ಅನ್ನುತ್ತಿದ್ದರು ಆಚಾರ್ರು, ಪುರಿ ಬಾಯಿಗೆ ಎಸೆದುಕೊಳ್ಳುತ್ತ. "ಹೆಂಡ್ತಿ ಕುಯ್ದ್ರೆ ಇವರು ಹಿತ್ತಲಿಗೆ ಹೋಗಿ ನಿಂತ್ಕೋತಾರೆ. ಅಂತಾ ಎದೆ ಇರೋರು ಕೋಟೆ ಕಾಯ್ತಾರಾ?"

"ಹಿತ್ತಲಲ್ಲಿ ನಿಂತ್ರೂ ಸಾರು ಬುಡಲ್ವಂತೆ," ಅಂದರು ಯಾರೋ. ಎಲ್ಲರೂ ನಕ್ಕರು.

ಬುದ್ಧಿಯ ಮಾತು ಬಂದರಂತೂ ಕೇಳುವುದೇ ಬೇಡ. ಚಿಕ್ಕೀರಯ್ಯನವರದ್ದೊಂದು ರೂಢಿ. ಏನಾದರೂ ಕೇಳಿದರೆ "ಯೋಚ್ನೆ ಮಾಡಿ ಹೇಳ್ತೀನಿ" ಅಂತ ಹೋಗಿಬಿಡುತ್ತಿದ್ದರು. ಎರಡು ದಿನ ಬಿಟ್ಟು, ಕೇಳಿದವರಿಗೆ ಕೇಳಿದ್ದೇ ಮರೆತಿರುವಾಗ, ಬಾಗಿಲಿಗೆ ಬಂದು ನಿಂತು ಉತ್ತರ ಹೇಳುತ್ತಿದ್ದರು. ಹೋದ ಸಲ ನಾನು, ಭಟ್ಟಿಗೆ ಭತ್ತದ ಹೊಟ್ಟು ಒಳ್ಳೇದೋ ಕಡಲೆಕಾಯಿ ಸಿಪ್ಪೆಯೋ ಅಂತ ಸುಮ್ಮನೆ ಮಾತಿಗೆ ಕೇಳಿದ್ದೆ. ಗುರುವಾರ ಬಂದು, "ಸಿಪ್ಪೆ ಬೇಗ ಕಾವು ಕೊಡ್ತದೆ ಹೊನ್ನವ್ವ, ಆದ್ರೆ ಹೊಟ್ಟು ಕೊನೇವರೆಗೂ ನಿಲ್ತದೆ," ಅಂದು ಹೋದರು. ಸರಿಯಾಗೇ ಹೇಳಿದ್ದರು, ಅದು ಬೇರೆ ಮಾತು. "ಶತ್ರು ಬಂದು ಬಾಗ್ಲು ತಟ್ಟಿದ್ರೂ ಇವರು ಗುರುವಾರ ಬಾ ಅಂತಾರೆ," ಅಂತ ಆಚಾರ್ರು ತೊಡೆ ತಟ್ಟಿಕೊಂಡು ನಗುತ್ತಿದ್ದರು.

ಆಚಾರ್ರನ್ನು ಕೆಟ್ಟವರು ಅನ್ನಲಾರೆ. ಅವರ ಒಬ್ಬನೇ ಮಗ ಗೋಡೆಯ ಮೇಲಿದ್ದ. ಒಂದು ಬೆಳಿಗ್ಗೆ ಯಾರೂ ಬಾರದ ಮುಂಚೆ ಬಂದು ಭಟ್ಟಿಯ ಬಾಯಿಗೆ ಅಂಗೈ ಒಡ್ಡಿಕೊಂಡು ಹೇಳಿದರು: "ಅರವತ್ತು ಜನ ಇದ್ದಾಗ ನನ್ ಮಗ ಪಕ್ಕದೋನ್ಗೆ ಕೂಗಿದ್ರೆ ಕೇಳಿಸ್ತಿತ್ತು ಹೊನ್ನಮ್ಮ. ಈಗ ಕೂಗಿದ್ರೆ ಗಾಳಿ. ಅಷ್ಟುದ್ದ ಗೋಡೆಗೆ ಒಬ್ನೇ ಕುಂತವ್ನೆ. ಜನ ಇಳಿಸ್ತೀನಿ ಇಳಿಸ್ತೀನಿ ಅಂತಾರಲ್ಲ, ಕೊನೇಲಿ ಉಳಿಯೋನು ಯಾರ ಮಗ?" ನಾನು ಅವರ ಅಂಗೈಗೆ ಒಂದು ಹಿಡಿ ಪುರಿ ಸುರಿದೆ. ಅವರಿಗೆ ಮಗನ ಚಿಂತೆ, ನನಗೆ ಮಗಳ ಚಿಂತೆ. ಅವರದು ಜನ ಏರಿದರೆ ತೀರುತ್ತದೆ, ನನ್ನದು ಏರದಿದ್ದರೆ.

ಕೈ ಎತ್ತುವುದಕ್ಕೆ ಇನ್ನು ಎರಡು ದಿನವಿದೆ ಅನ್ನುವಾಗ ಕಿಂಡಿಯಿಂದ ನೋಡಿದೆ. ಎಣಿಸಿದೆ. ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದೆ. ಎಡಗಡೆಯಿಂದ ಎಣಿಸಿದ್ದನ್ನು ಬಲಗಡೆಯಿಂದ ಎಣಿಸಿದೆ. ನಲವತ್ತೊಂದು. ದಿಬ್ಬದ ತುದಿಯಲ್ಲಿ, ಎಲ್ಲರಿಂದ ದೂರಕ್ಕೆ, ಸಣಕಲು ಹೊಗೆಯೊಂದು ಎದ್ದಿತ್ತು. ಒಲೆ ಹಚ್ಚಲು ಬಾರದವರು ಹಚ್ಚಿದ ಹಾಗೆ ಕಂತು ಕಂತಾಗಿ ಏಳುತ್ತಿತ್ತು.

ಭಟ್ಟಿಗೆ ಬಂದು ಸೀಮೆಸುಣ್ಣ ಎತ್ತಿಕೊಂಡೆ. ಹದಿಮೂರು ವರ್ಷದಲ್ಲಿ ಒಂದು ದಿನವೂ ಸುಳ್ಳು ಬರೆದವಳಲ್ಲ ನಾನು. ನಾಲ್ಕು ಬರೆದೆ. ಪಕ್ಕದಲ್ಲಿ ಸೊನ್ನೆ ಸುತ್ತಿದೆ. ಚಂದ್ರಿ ಮರಳು ಕಾಯಿಸುತ್ತಿದ್ದವಳು ಜಾಲರಿ ಕೆಳಗಿಟ್ಟಳು.

"ಅವ್ವ, ಸೊನ್ನೆ ಯಾಕೆ ಸೊಟ್ಟ ಅದೆ?"

"ಚಳಿ."

"ಭಟ್ಟಿ ಮುಂದೆ ಚಳಿಯಾ?" ಅವಳು ನನ್ನ ಮುಖವನ್ನೇ ನೋಡಿದಳು. ಅಪ್ಪನ ಕಣ್ಣು ಅವಳದ್ದು, ಒಮ್ಮೆ ಹಿಡಿದರೆ ಬಿಡುವುದಿಲ್ಲ. "ಎಷ್ಟಿತ್ತು?" ಅಂದಳು.

ನಾನು ಸೊನ್ನೆಯನ್ನು ಇನ್ನೊಮ್ಮೆ ತೀಡಿದೆ. ಅವಳಿಗೆ ಅಷ್ಟು ಸಾಕಾಯಿತು. ಅವಳು ಮತ್ತೆ ಜಾಲರಿ ಎತ್ತಿಕೊಂಡು ಅಕ್ಕಿ ಸುರಿದಳು. ಪುರಿ ಪಟಪಟ ಸಿಡಿಯುವ ಸದ್ದಿನ ನಡುವೆ ಮೆಲ್ಲಗೆ, "ಮೇಲೆ ನಿಂತಿರೋ ನಲವತ್ತು ಜನಕ್ಕೆ ಗೊತ್ತಾಗೋದು ಬೇಡ್ವಾ ಅವ್ವ?" ಅಂದಳು.

ಆ ದಿನ, ಮಾರನೆಯ ದಿನ, ಎರಡು ದಿನವೂ ನಲವತ್ತೊಂದು. ಎರಡು ದಿನವೂ ನಾನು ನಲವತ್ತೇ ಬರೆದೆ. ನನ್ನ ಸುಳ್ಳಿನ ಕೆಳಗೇ ಕೂತು ಜನ ವಾದ ಮಾಡುತ್ತಿದ್ದರು. "ನೋಡಿ, ನಲವತ್ತೇ ಅದೆ, ಅವ್ರು ಹೇಳ್ದಂಗೇ ಆಯ್ತಾ ಅದೆ, ಮಂಕಲ್ಲ ಅವ್ರು," ಅನ್ನುವವರು ಹೆಚ್ಚಾಗುತ್ತಿದ್ದರು. ಆಚಾರ್ರು ಹಲಗೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಅಲ್ಲಿ ಒಬ್ಬ ಹೆಚ್ಚಾಗಿದ್ದಾನೆ ಅಂದರೆ ಏನರ್ಥ? ಇವತ್ತು ಒಬ್ಬ, ನಾಳೆ ಹತ್ತು ಜನ ಬಂದು ಕೆರೆಯಂಗಳಕ್ಕೆ ಇಳಿದರೆ? ಆಚಾರ್ರ ಮಗ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ಮಗಳನ್ನು ಉಳಿಸಿಕೊಳ್ಳಲು ಹೋಗಿ ಊರನ್ನೇ ಮಾರಿದೆನೇ ಅನ್ನಿಸುತ್ತಿತ್ತು.

ಮೂರನೆಯ ದಿನ, ಕೈ ಎತ್ತುವ ದಿನವೇ, ಇನ್ನೂ ಮಬ್ಬಿರುವಾಗ ಎದ್ದು ದಿಡ್ಡಿ ಬಾಗಿಲು ದಾಟಿ ಕೆರೆಯಂಗಳಕ್ಕೆ ಇಳಿದೆ. ಹತ್ತಿರದಿಂದ ನೋಡಿದರೆ ಒಂದೇ ಹೊಗೆ ಎರಡಾಗಿ ಒಡೆದದ್ದು ಗೊತ್ತಾಗಬಹುದು ಅನ್ನುವ ಹುಚ್ಚು ಆಸೆ. ಅಲ್ಲಿಗೆ ಯಾರೂ ಇಳಿಯುವುದಿಲ್ಲ. ಬಿರುಕು ಬಿಟ್ಟ ಕೆಸರು ಕಾಲಡಿಗೆ ಹಪ್ಪಳದ ಹಾಗೆ ಮುರಿಯುತ್ತಿತ್ತು, ಒಂದೊಂದು ಸದ್ದಿಗೂ ಜೀವ ಹೋಗಿ ಬರುತ್ತಿತ್ತು. ನಡುವಿಗೆ ಹೋಗಿ ನಿಂತೆ. ಬೆಳಕಾಯಿತು, ಹೊಗೆ ಎದ್ದಿತು. ನಲವತ್ತೊಂದು. ಒಡೆದದ್ದೂ ಇಲ್ಲ, ಸೀಳಿದ್ದೂ ಇಲ್ಲ. ಅಯ್ಯೋ ಶಿವನೇ ಅಂದು ಮನೆಗೆ ಓಡಲು ಹಿಂದಿರುಗಿದೆ.

ಹಿಂದಿರುಗಿದವಳು ಹಾಗೇ ನಿಂತುಬಿಟ್ಟೆ. ನಮ್ಮ ಗೋಡೆ ಕಾಣುತ್ತಿತ್ತು. ನಲವತ್ತೈದು ವರ್ಷ ಅದೇ ಊರಲ್ಲಿ ಇದ್ದವಳು ನಾನು, ನಮ್ಮ ಗೋಡೆಯನ್ನು ಹೊರಗಿನಿಂದ ಒಂದು ದಿನವೂ ನೋಡಿರಲಿಲ್ಲ. ಎಣಿಸಿದ್ದೆಲ್ಲ ಎದುರಿನದನ್ನೇ. ನಮ್ಮವರು ಎಷ್ಟು ಅನ್ನುವುದು ಪಟ್ಟಿಯಲ್ಲಿ ಇರುತ್ತಿತ್ತು, ಅದನ್ನು ತಿರುಗಿ ನೋಡುವ ಕಷ್ಟ ಯಾರೂ ತೆಗೆದುಕೊಂಡಿರಲಿಲ್ಲ. ಗೋಡೆಯ ಉದ್ದಕ್ಕೂ ಹೊಗೆ ಎದ್ದಿತ್ತು, ಆ ದಿಬ್ಬದಲ್ಲಿ ಎದ್ದ ಹಾಗೆಯೇ. ಅಭ್ಯಾಸ ನೋಡಿ, ಎಣಿಸಿದೆ. ನಲವತ್ತೊಂದು. ಕಡೆಯದು ಮೂಲೆಯ ಮುರುಕು ಬುರುಜಿನ ಮೇಲೆ, ಸಣಕಲಾಗಿ, ಕಂತು ಕಂತಾಗಿ ಏಳುತ್ತಿತ್ತು.

ಆ ಬುರುಜಿನಿಂದ ಕಾವಲಿನವರನ್ನು ಇಳಿಸಿ ವರ್ಷವಾಗಿತ್ತು. ಬಿದ್ದ ಕಲ್ಲುಗಳನ್ನು ಹಿಡಿದು ಹತ್ತಿದೆ. ಮೇಲೆ ಚಿಕ್ಕೀರಯ್ಯನವರು ಕುಕ್ಕುರುಗಾಲಲ್ಲಿ ಕೂತು ಒಲೆ ಊದುತ್ತಿದ್ದರು. ಪಕ್ಕದಲ್ಲಿ ತುಕ್ಕು ಹಿಡಿದ ಈಟಿ. ಗಂಜಿ ತಳ ಹತ್ತಿ ವಾಸನೆ ಬರುತ್ತಿತ್ತು. ನನ್ನನ್ನು ನೋಡಿ ಬೆಚ್ಚಿ ಈಟಿ ಎತ್ತಿಕೊಂಡರು, ಆಮೇಲೆ ನಾಚಿಕೆಯಾಗಿ ಕೆಳಗಿಟ್ಟರು.

"ಇದೇನ್ ಚಿಕ್ಕೀರಣ್ಣ!" ಅಂದೆ. ಕೋಪವೋ ಅಳುವೋ ನನಗೇ ಗೊತ್ತಾಗಲಿಲ್ಲ. "ನೀವೇನ್ ಮಾಡ್ತಾ ಇದ್ದೀರ ಇಲ್ಲಿ?"

"ಆಚಾರ್ರು ಹೋದ ವಾರ ದಾರೀಲಿ ಸಿಕ್ಕಿ ಒಂದು ಮಾತು ಕೇಳಿದ್ರು," ಅಂದರು. "ಕೊನೇಲಿ ಉಳಿಯೋನು ಯಾರ ಮಗ ಅಂತ. ಎರಡು ದಿನ ಯೋಚ್ನೆ ಮಾಡ್ದೆ. ಇಳಿಸಿದೋನು ನಾನು, ಜಾಗ ಖಾಲಿ ಮಾಡಿದೋನು ನಾನು. ಹಾಸಿಗೇಲಿ ಮಲಗಿದ್ರೆ ಎದೆ ಡವಡವ ಅಂತಿತ್ತು ಹೊನ್ನವ್ವ. ಅದಕ್ಕೇ ಬೆಳಗಿನ ಜಾವದಲ್ಲಿ ಬಂದು ಕೂತ್ಕೋತೀನಿ. ಯಾರಿಗೂ ಹೇಳ್ಲಿಲ್ಲ. ಹೆದರ್ಬೇಡಿ ಅಂತ ಊರಿಗೆಲ್ಲ ಹೇಳಿದೋನು ನಾನೇ ಅಲ್ವಾ."

"ನೀವು ಇಲ್ಲಿ ಕೂತ್ರೆ ಅಲ್ಲೊಬ್ಬ ಕೂರ್ತಾನೆ ಅಂತ ಹೊಳೀಲಿಲ್ವಾ?"

ಅವರು ಒಲೆಯನ್ನು ನೋಡಿದರು, ದಿಬ್ಬವನ್ನು ನೋಡಿದರು. "ನಾನೂ ಲೆಕ್ಕಕ್ಕೆ ಬರ್ತೀನಿ ಅಂತ ಹೊಳೀಲೇ ಇಲ್ಲ," ಅಂದರು.

ನಾನು ಎರಡು ದಿನದಿಂದ ಸುಳ್ಳು ಬರೆದದ್ದನ್ನು ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು. ತಮಗೋಸ್ಕರ ಬರೆದೆನೇ ಅಂತ ಕೇಳಿದರು. "ನಿಮ್ಗೋಸ್ಕರ ಅಲ್ಲ, ನನ್ ಮಗಳಿಗೋಸ್ಕರ," ಅಂದೆ. ಮುಂದೇನು ಅಂತ ಕೇಳಿದ್ದಕ್ಕೆ ಎಂದಿನಂತೆ ಯೋಚನೆ ಮಾಡಿ ಹೇಳುತ್ತೇನೆ ಅಂದರು. "ಯೋಚ್ನೆ ಮಾಡೋಕೆ ಹೊತ್ತೆಲ್ಲಿ ಅದೆ ಪುಣ್ಯಾತ್ಮ? ಇವತ್ತೇ ಕೈ ಎತ್ತೋದು!" ಅಂದು ಇಳಿದು ಬಂದೆ.

ದಾರಿಯಲ್ಲಿ ಬರುತ್ತ ನನ್ನ ಎದೆ ಹಗುರಾಯಿತು. ಅದೇ ನಾನು ಮಾಡಿದ ತಪ್ಪು. ಎರಡೂ ಕಡೆ ಸಮ ಇದೆ, ಇನ್ನು ನಿಜ ಬರೆದರೆ ಯಾರಿಗೂ ಕೇಡಿಲ್ಲ ಅಂದುಕೊಂಡೆ. ಹಲಗೆ ಒರೆಸಿ ಎದುರಿನದು ನಲವತ್ತೊಂದು, ನಮ್ಮದು ನಲವತ್ತೊಂದು ಅಂತ ಎರಡೂ ಸಂಖ್ಯೆ ದಪ್ಪಗೆ ಬರೆದೆ. ಚಂದ್ರಿ ಅದನ್ನು ನೋಡಿ, ಎರಡು ದಿನದ ಮೇಲೆ ಮೊದಲ ಸಲ ನನ್ನ ತಟ್ಟೆಗೆ ತಾನೇ ಅನ್ನ ಬಡಿಸಿದಳು.

ಹೊತ್ತೇರುವಷ್ಟರಲ್ಲಿ ಭಟ್ಟಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಎಡಗಡೆಯ ಸಂಖ್ಯೆ ನೋಡಿಯೇ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಬಲಗಡೆಯದನ್ನು ಯಾರೂ ನೋಡಲೇ ಇಲ್ಲ. "ನಮ್ಮೋರೂ ನಲವತ್ತೊಂದೇ, ಓದಿ ನೋಡಿ," ಅಂತ ಕೂಗಿದೆ. "ನಮ್ಮದು ಪಟ್ಟೀಲಿ ನಲವತ್ತು," ಅಂದರು ಆಚಾರ್ರು. "ಇನ್ನೊಬ್ಬ ಯಾರು? ಹೆಸರು ಹೇಳು." ಗುಂಪಿನ ಹಿಂದಿನಿಂದ ಚಿಕ್ಕೀರಯ್ಯನವರು ಬಂದರು, ಪಂಚೆಗೆ ಮಸಿ ಮೆತ್ತಿತ್ತು. "ನಾನು," ಅಂದರು.

ಆಮೇಲೆ ನಡೆದ ಗಲಾಟೆ ದೇವರಿಗೇ ಪ್ರೀತಿ. ಕದ್ದು ಕಾವಲು ನಿಂತವನು ಕಳ್ಳ ಅಂದರು, ಹೆದರುಪುಕ್ಕಲ ಅಂದರು, ಒಬ್ಬಳು ಮುದುಕಿ ಮಾತ್ರ ಅಂಥವನ ತಾಯಿ ಹೊಟ್ಟೆ ತಣ್ಣಗಿರಲಿ ಅಂದಳು. ಅವರ ಪರ ಇದ್ದವರಿಗೇ ಹೆಚ್ಚು ಸಿಟ್ಟು. "ನೀವೇ ನಂಬಲ್ಲ ಅಂದ್ಮೇಲೆ ನಾವು ಯಾವ ಮುಖ ಇಟ್ಕೊಂಡು ಕೈ ಎತ್ತೋದು?" ಅಂತ ಮೈಮೇಲೆ ಹೋದರು. ಚಂದ್ರಿ ಮುಂದೆ ಬಂದು, "ಅವ್ರು ಇಳಿದ್ರೆ ಅಲ್ಲೂ ಒಬ್ಬ ಇಳೀತಾನಲ್ಲ, ಇಷ್ಟು ದಿನ ಹಂಗೇ ಅಲ್ವಾ ಆಗಿದ್ದು?" ಅಂದಳು. ಇಡೀ ದಿನದಲ್ಲಿ ಆಡಿದ ನೆಟ್ಟಗಿನ ಮಾತು ಅದೊಂದೇ, ಅದನ್ನು ಕೇಳಿಸಿಕೊಂಡವರು ಯಾರೂ ಇಲ್ಲ.

"ಇಳೀದೇ ಹೋದ್ರೆ?" ಅಂದರು ಆಚಾರ್ರು. "ಹಲಗೆ ಮೇಲೆ ನಲವತ್ತೊಂದು ಬಿದ್ದದೆ. ಮುಂದಾಳು ಆದೋನು ಪಟ್ಟಿಗೆ ಸೇರಲ್ಲ, ಅವ್ರು ಕೂತಿದ್ದು ಕೂತಂಗಲ್ಲ. ಮಧ್ಯಾಹ್ನದೊಳಗೆ ಪಟ್ಟೀಲಿ ನಲವತ್ತೊಂದು ಆಗ್ಬೇಕು." ನನ್ನ ಕಡೆ ತಿರುಗಿದಾಗ ಅವರ ದನಿ ಇಳಿದಿತ್ತು. "ಹೊನ್ನಮ್ಮ, ನನ್ ಮಗನೂ ಹೋಗಿಲ್ವಾ. ಮಗಳಿಗೆ ಬುತ್ತಿ ಕಟ್ಟು."

ನಾನು ಚಂದ್ರಿಯ ಕೈ ಹಿಡಿದುಕೊಂಡೆ. ಎಷ್ಟು ಗಟ್ಟಿ ಹಿಡಿದೆನೆಂದರೆ ಅವಳು ನೋವಿಗೆ ಚೀರಿದಳು. ಅವಳ ಅಪ್ಪ ಹಾಗೇ ಕೈ ಕೊಡವಿಕೊಂಡಿದ್ದು ನೆನಪಾಯಿತು, ಆದರೂ ಬಿಡಲಿಲ್ಲ. ಚಿಕ್ಕೀರಯ್ಯನವರ ಮುಖ ನೋಡಿದೆ. ಈಗ ಯೋಚನೆ ಮಾಡಿ ಹೇಳುತ್ತೇನೆ ಅಂದರೆ ನನ್ನ ಕೈಯಾರೆ ಭಟ್ಟಿಗೆ ನೂಕುತ್ತೇನೆ ಅಂದುಕೊಂಡೆ.

ಅವರು ಯೋಚನೆ ಮಾಡಲಿಲ್ಲ. ಸೊಂಟದಿಂದ ಮುಂದಾಳಿನ ಗುರುತಾದ ಕೋಟೆ ಹೆಬ್ಬಾಗಿಲಿನ ಬೀಗದ ಕೈ ತೆಗೆದು, ಆಚಾರ್ರ ಮುಂದೆ ಕಲ್ಲಿನ ಮೇಲೆ ಇಟ್ಟರು. "ಈಗ ನಾನು ಮುಂದಾಳು ಅಲ್ಲ," ಅಂದರು. "ನನ್ ಹೆಸರು ಪಟ್ಟೀಗೆ ಬರ್ಕೊಳ್ಳಿ. ನಲವತ್ತೊಂದು ಆಯ್ತು. ಆ ಹುಡುಗೀನ ಬುಟ್ಬುಡಿ." ಅರವತ್ತೆರಡು ವರ್ಷದ ಮನುಷ್ಯ. ಹುಟ್ಟಿದಾಗಿನಿಂದ ಕೇಳಿದ ಕೂಡಲೇ ಕೊಟ್ಟ ಉತ್ತರ ಅದೊಂದೇ ಇರಬೇಕು.

ಆಚಾರ್ರು ಬೀಗದ ಕೈ ಮುಟ್ಟದೆಯೇ ಕೇಳಿದರು: "ಒಂದು ಮಾತು ಹೇಳಿ ಹೋಗಿ. ನೀವು ಹೇಡಿಯೋ, ಅಲ್ವೋ?"

"ಯೋಚ್ನೆ ಮಾಡಿ ಹೇಳ್ತೀನಿ," ಅಂದು ಚಿಕ್ಕೀರಯ್ಯನವರು ಹೆಂಡತಿಯ ಕೈಯಿಂದ ಕಂಬಳಿ ಇಸಿದುಕೊಂಡು ಬುರುಜಿನ ಕಡೆ ನಡೆದರು. ಯಾರೂ ಕೈ ಎತ್ತಲಿಲ್ಲ, ಎತ್ತುವ ಅಗತ್ಯವೂ ಉಳಿದಿರಲಿಲ್ಲ.

ಗೋಡೆ ಹತ್ತಿದವರ ಒಲೆಗೆ ಇನ್ನೊಬ್ಬರು ಪಾತ್ರೆ ಇಡುವಂತಿಲ್ಲ, ಸರಿ. ಪುರಿಗೆ ಒಲೆ ಬೇಡ. ಮೂರನೆಯ ದಿನ ಚೀಲದಲ್ಲಿ ಪುರಿ ತುಂಬಿಕೊಂಡು ಹೋಗಿ ಬುರುಜಿನ ಕೆಳಗೆ ನಿಂತು ಕೂಗಿದೆ. ಅವರು ಹಗ್ಗ ಇಳಿಬಿಟ್ಟು ಚೀಲ ಎಳೆದುಕೊಂಡು, ಮೇಲಿನಿಂದ ಬಗ್ಗಿ ಆಚಾರ್ರಿಗೆ ಒಂದು ಮಾತು ತಲುಪಿಸು ಅಂದರು. ನಾನು ಬಂದು ತಲುಪಿಸಿದೆ. ಆಚಾರ್ರು ಭಟ್ಟಿಯ ಮುಂದೆ ಒಬ್ಬರೇ ಕೂತಿದ್ದರು.

"'ಹೌದು, ಹೆದರ್ಕೆ ಆಯ್ತದೆ. ನಿಮಗೂ ಆಯ್ತದೆ. ನನ್ ಹೆದರ್ಕೆಗೆ ನಾನೇ ಬಂದು ಕೂತಿದ್ದೀನಿ,' ಅಂತ ಹೇಳ್ಬೇಕಂತೆ," ಅಂದೆ.

ಅವರು ಕೈಯಲ್ಲಿದ್ದ ಪುರಿಯನ್ನು ತಿರುಗಿ ಬುಟ್ಟಿಗೆ ಹಾಕಿದರು. ಬಳಿಕ "ಮಗ ಹೇಳ್ಕಳ್ಸಿದ್ದ," ಅಂದರು. "ಪಕ್ಕದ ಬುರುಜಿಂದ ಯಾರೋ ಕೂಗಿ ಊಟ ಆಯ್ತಾ ಅಂತ ಕೇಳ್ತಾರಂತೆ ದಿನಾ." ಎದ್ದು ಹೋದರು. ಸೊಂಟದಲ್ಲಿ ಬೀಗದ ಕೈ ಇತ್ತು.

ಈಗ ಮುಂದಿನ ಬೆಳೆಯ ಹೊತ್ತಿಗೆ ಐವತ್ತು ಜನರನ್ನು ಹತ್ತಿಸಬೇಕು ಅನ್ನುವ ಮಾತು ನಡೆಯುತ್ತಿದೆ. ಆಚಾರ್ರು ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಪಟ್ಟಿಯಲ್ಲಿ ಮುಂದಿನ ಹೆಸರು ಇವತ್ತಿಗೂ ಚಂದ್ರಿಯದೇ. ಅವಳು ಜಾಲರಿ ಹಿಡಿದು ಭಟ್ಟಿಯ ಮುಂದೆ ನಿಂತಿರುವುದನ್ನು ದಿನಕ್ಕೆ ಹತ್ತು ಸಲ ನೋಡಿ ಬರುತ್ತೇನೆ. ಬೆಳಿಗ್ಗೆ ಕಿಂಡಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಕೆರೆಯಂಗಳಕ್ಕೇ ಇಳಿದು, ಮೊದಲು ನಮ್ಮ ಗೋಡೆಯನ್ನು ಎಣಿಸುತ್ತೇನೆ, ಮುರುಕು ಬುರುಜಿನ ಸಣಕಲು ಹೊಗೆ ಕಾಣುವವರೆಗೂ ಉಸಿರು ಬಿಡುವುದಿಲ್ಲ. ಅದು ಕಂಡ ಮೇಲೆ ಆ ಕಡೆ ತಿರುಗುತ್ತೇನೆ. ದಿಬ್ಬದ ತುದಿಯಲ್ಲೂ ಅಂಥದೇ ಒಂದು ಏಳುತ್ತದೆ, ಒಲೆ ಹಚ್ಚಲು ಇನ್ನೂ ಕಲಿತಿಲ್ಲದವರದ್ದು. ಅಲ್ಲಿ ಯಾರ ಮಗಳ ಬದಲಿಗೆ ಯಾರು ಕೂತಿದ್ದಾರೋ ಗೊತ್ತಿಲ್ಲ. ಅವರಿಗೂ ಯಾರಾದರೂ ಪುರಿ ಒಯ್ದು ಕೊಟ್ಟರೆ ಸಾಕು ಅಂದುಕೊಂಡು, ನಲವತ್ತೊಂದು ಬರೆಯಲು ಭಟ್ಟಿಗೆ ಬರುತ್ತೇನೆ.